ನಾಣ್ಯದ ಮೇಲಿನ ಬಿರುದಾವಳಿ

ಹಳೆಯ ಮನೆಗಳಲ್ಲಿ ಹಿರಿಯರ ಪೆಟ್ಟಿಗೆಯನ್ನು ತೆರೆದರೆ, ಜಾತಕದ ಕಟ್ಟು, ಪತ್ರಗಳ ಸುರುಳಿ, ಯಾವ ಬೀಗಕ್ಕೂ ಹೊಂದದ ಒಂದೆರಡು ಬೀಗದ ಕೈ, ಇವುಗಳ ನಡುವೆ ಬಟ್ಟೆಯ ಗಂಟಿನಲ್ಲಿ ಕಟ್ಟಿಟ್ಟ ನಾಲ್ಕಾರು ನಾಣ್ಯಗಳು ದೊರೆಯುವುದುಂಟು. ಅವುಗಳಲ್ಲಿ ಹೆಚ್ಚಿನವು ನಮ್ಮ ದೇಶದಲ್ಲಿಯೇ ಓಡಾಡಿದ ರೂಪಾಯಿ, ಅಣೆ, ಕಾಸುಗಳು. ಒಮ್ಮೊಮ್ಮೆ ಅವುಗಳ ಜೊತೆಗೆ, ದೊರೆಯ ತಲೆಯಿದ್ದೂ ರೂಪಾಯಿಯೆಂದು ಎಲ್ಲಿಯೂ ಬರೆಯದಿರುವ ನಾಣ್ಯವೊಂದು ಕೈಗೆ ಬರುತ್ತದೆ. ಅದು ಇಂಗ್ಲೆಂಡಿನ ನಾಣ್ಯ. ಯಾವುದೋ ಯುದ್ಧದಿಂದಲೋ, ಹಡಗಿನ ಕೆಲಸದಿಂದಲೋ, ದೂರದ ನೆಂಟರ ಮೂಲಕವೋ ಮನೆಗೆ ಬಂದು ಸೇರಿದ್ದು.

ಇಂಥ ನಾಣ್ಯ ಸಿಕ್ಕಿದಾಗ ನಮ್ಮಲ್ಲಿ ಸಾಮಾನ್ಯವಾಗಿ ನಡೆಯುವ ಕೆಲಸಗಳು ಎರಡು. ಮೊದಲು ಹುಣಿಸೆಹಣ್ಣು ಹಾಕಿ ತಿಕ್ಕುತ್ತೇವೆ. ಆಮೇಲೆ ಅಕ್ಕಸಾಲೆಯ ಬಳಿಗೆ ಒಯ್ದು ತೂಕ ಹಾಕಿಸುತ್ತೇವೆ. ಮೂರನೆಯ ಕೆಲಸವೊಂದುಂಟು, ಅದನ್ನು ಮಾಡುವವರು ಕಡಿಮೆ. ನಾಣ್ಯವನ್ನು ಓದುವುದೇ ಆ ಕೆಲಸ. ಬ್ರಿಟಿಷ್ ನಾಣ್ಯಗಳನ್ನು ಸಂಗ್ರಹಿಸುವ ಹವ್ಯಾಸದಲ್ಲಿ ಹಣಕ್ಕಿಂತ ಓದು ಮುಖ್ಯವೆಂಬುದನ್ನು ನಿಮ್ಮ ಮುಂದೆ ಇಡಬೇಕೆಂಬುದೇ ಈ ಲೇಖನದ ಉದ್ದೇಶ.

ಈ ಪಾಠವನ್ನು ನಾನು ಕಲಿತದ್ದು ನನ್ನದೇ ಒಂದು ತಪ್ಪಿನಿಂದ. ಸುಮಾರು ಮೂವತ್ತು ವರ್ಷಗಳ ಹಿಂದೆ, ನಾನು ಹೊಸದಾಗಿ ಉಪಾಧ್ಯಾಯನಾಗಿದ್ದ ಕಾಲ. ನಮ್ಮ ಮುತ್ತಜ್ಜನವರು ಮೊದಲನೆಯ ಮಹಾಯುದ್ಧದ ಸಮಯದಲ್ಲಿ ಬಸ್ರಾಕ್ಕೆ ಹೋಗಿ ಬಂದವರು. ಅವರು ತಂದಿಟ್ಟಿದ್ದ ಒಂದು ಬೆಳ್ಳಿಯ ನಾಣ್ಯ ನನ್ನ ಪಾಲಿಗೆ ಬಂದಿತು. ಕಪ್ಪಾಗಿದ್ದ ಅದನ್ನು ಹುಣಿಸೆಹಣ್ಣು, ಇಟ್ಟಿಗೆಪುಡಿ ಹಾಕಿ, ಹಿತ್ತಾಳೆಯ ಚೊಂಬನ್ನು ಬೆಳಗುವ ಉತ್ಸಾಹದಿಂದ ಬೆಳಗಿದೆ. ಕನ್ನಡಿಯಂತೆ ಹೊಳೆಯಿತು. ಶಾಸನಗಳ ಪಾಠ ಮಾಡುವ ದಿನ, ಇದೂ ಒಂದು ಸಣ್ಣ ಶಾಸನವೆಂದು ತೋರಿಸಲು ಅದನ್ನು ತರಗತಿಗೆ ಒಯ್ದೆ. ಮುಂದಿನ ಸಾಲಿನ ಹುಡುಗನೊಬ್ಬ ಅಕ್ಷರಗಳನ್ನು ಕೂಡಿಸಿ ಓದುತ್ತ ಬಂದು, ಒಂದು ಕಡೆ ನಿಂತು, “ಇಲ್ಲಿ ಏನು ಬರೆದಿದೆ, ಸಾರ್?” ಎಂದು ಕೇಳಿದ. ನೋಡಿದರೆ ಅಲ್ಲಿ ಏನೂ ಇರಲಿಲ್ಲ. ಮೊದಲೇ ಸವೆದಿದ್ದ ಆ ಅಕ್ಷರಗಳು ನನ್ನ ಇಟ್ಟಿಗೆಪುಡಿಗೆ ಸಂಪೂರ್ಣವಾಗಿ ಅಳಿಸಿಹೋಗಿದ್ದವು.

ನಾಣ್ಯಗಳನ್ನು ಬಲ್ಲ ಮಿತ್ರರೊಬ್ಬರಿಗೆ ತೋರಿಸಿದೆ. “ನೀವು ಇದರ ಮುಖ ತೊಳೆದಿಲ್ಲ, ಮುಖವನ್ನೇ ಒರಸಿಬಿಟ್ಟಿದ್ದೀರಿ” ಎಂದರು. ಅದು ಐದನೆಯ ಜಾರ್ಜ್ ದೊರೆಯ 1914ನೆಯ ಇಸವಿಯ ಅರ್ಧ ಕ್ರೌನ್ ಎಂದೂ, ನಾನು ಅಳಿಸಿದ ಅಕ್ಷರಗಳು ‘ಇಂಡ್’, ‘ಇಂಪ್’ ಎಂಬ ಎರಡು ತುಣುಕುಗಳೆಂದೂ ಅವರಿಂದ ತಿಳಿಯಿತು. ಲ್ಯಾಟಿನ್ ಭಾಷೆಯ ‘ಇಂಡಿಯೆ ಇಂಪೆರಾಟರ್’, ಎಂದರೆ ‘ಭಾರತದ ಚಕ್ರವರ್ತಿ’, ಎಂಬುದರ ಸಂಕ್ಷೇಪ ಅದು. ಇಡೀ ನಾಣ್ಯದಲ್ಲಿ ನಮ್ಮ ದೇಶಕ್ಕೆ ಸಂಬಂಧಪಟ್ಟ ಮಾತೆಂದರೆ ಅದೊಂದೇ. ಅದನ್ನೇ ನಾನು ತಿಕ್ಕಿ ತೆಗೆದಿದ್ದೆ.

ಮೊದಲು ಹಣದ ಲೆಕ್ಕವನ್ನು ಸ್ವಲ್ಪ ತಿಳಿದುಕೊಳ್ಳೋಣ. ನಮ್ಮಲ್ಲಿ 1957ಕ್ಕೆ ಮುಂಚೆ ರೂಪಾಯಿಗೆ 16 ಅಣೆ, ಅಣೆಗೆ 12 ಪೈ ಇದ್ದ ಹಾಗೆ, ಬ್ರಿಟನ್ನಿನಲ್ಲಿ 12 ಪೆನ್ನಿಗೆ ಒಂದು ಷಿಲಿಂಗು, 20 ಷಿಲಿಂಗಿಗೆ ಒಂದು ಪೌಂಡು. ಎಂದರೆ ಪೌಂಡಿಗೆ 240 ಪೆನ್ನಿ. ಐದು ಷಿಲಿಂಗಿನ ದೊಡ್ಡ ಬೆಳ್ಳಿಯ ನಾಣ್ಯಕ್ಕೆ ಕ್ರೌನ್ ಎಂದು ಹೆಸರು. ಎರಡು ಷಿಲಿಂಗಿನದು ಫ್ಲಾರಿನ್; ಎರಡೂವರೆ ಷಿಲಿಂಗಿನದು ಅರ್ಧ ಕ್ರೌನ್. ಬಂಗಾರದಲ್ಲಿ ಮೊದಲು 21 ಷಿಲಿಂಗು ಬೆಲೆಯ ಗಿನಿ ಇದ್ದಿತು. 1817ರಿಂದ ಒಂದು ಪೌಂಡು ಬೆಲೆಯ ಸವರಿನ್ ಬಂದಿತು. ಈ ಲೆಕ್ಕವೆಲ್ಲ 1971ರ ಫೆಬ್ರವರಿ 15ರಂದು ಮುಗಿದು, ಪೌಂಡಿಗೆ 100 ಪೆನ್ಸ್ ಎಂಬ ದಶಾಂಶ ಪದ್ಧತಿ ಜಾರಿಗೆ ಬಂದಿತು.

ಸವರಿನ್ ನಮಗೆ ಅಪರಿಚಿತವಲ್ಲ. ಅದರ ತೂಕ 7.98 ಗ್ರಾಂ, ಚಿನ್ನ 22 ಕ್ಯಾರಟ್ಟಿನದು. ನಮ್ಮ ಕರಾವಳಿಯ ಕಡೆ ಇಂದಿಗೂ ಒಡವೆಯನ್ನು ‘ಪವನು’ಗಳ ಲೆಕ್ಕದಲ್ಲಿ ಹೇಳುತ್ತಾರೆ, ಆ ಪವನು 8 ಗ್ರಾಂ. ಇಂಗ್ಲೆಂಡಿನ ಈ ಚಿನ್ನದ ನಾಣ್ಯದ ತೂಕವೇ ನಮ್ಮ ಅಂಗಡಿಯ ತಕ್ಕಡಿಗೆ ಬಂದು ಕುಳಿತಿದೆ. ಇನ್ನೂ ಒಂದು ವಿಶೇಷವೆಂದರೆ, 1918ನೆಯ ಇಸವಿಯ ಕೆಲವು ಸವರಿನ್ನುಗಳು ಮುದ್ರಿತವಾದದ್ದು ಮುಂಬಯಿಯಲ್ಲಿ. ಹಿಂಬದಿಯಲ್ಲಿ ಸೇಂಟ್ ಜಾರ್ಜನು ಕುದುರೆಯನ್ನೇರಿ ಸರ್ಪರಾಕ್ಷಸನನ್ನು ಕೊಲ್ಲುವ ಚಿತ್ರವಿದೆಯಲ್ಲ, ಅದರ ಕೆಳಗಿನ ನೆಲದ ಗೆರೆಯ ಮೇಲೆ, ಇಸವಿಗಿಂತ ಸ್ವಲ್ಪ ಮೇಲಕ್ಕೆ, ‘ಐ’ ಎಂಬ ಪುಟ್ಟ ಇಂಗ್ಲಿಷ್ ಅಕ್ಷರ ಕಂಡರೆ ಅದು ಮುಂಬಯಿಯ ಕೂಸು. ಅಂಥವು ಸುಮಾರು 13 ಲಕ್ಷ ಮಾತ್ರ ಮುದ್ರಿತವಾದವು. ಅಜ್ಜಿಯ ಸವರಿನ್ನನ್ನು ಕರಗಿಸಿ ಬಳೆ ಮಾಡಿಸುವ ಮೊದಲು ಭೂತಗನ್ನಡಿ ಹಿಡಿದು ಆ ಸ್ಥಳವನ್ನು ನೋಡಿರಿ.

ಇನ್ನು ಓದುವ ಕ್ರಮ. ನಾಣ್ಯದ ಮುಂಬದಿಯಲ್ಲಿ ದೊರೆಯ ತಲೆ ಇರುತ್ತದೆ. ಅದು ಯಾವ ಕಡೆಗೆ ನೋಡುತ್ತಿದೆಯೆಂಬುದನ್ನು ಮೊದಲು ಗಮನಿಸಿರಿ. ಹದಿನೇಳನೆಯ ಶತಮಾನದ ಎರಡನೆಯ ಚಾರ್ಲ್ಸನ ಕಾಲದಿಂದ ಒಂದು ಸಂಪ್ರದಾಯ ನಡೆದುಬಂದಿದೆ: ಒಬ್ಬ ದೊರೆ ಬಲಕ್ಕೆ ನೋಡಿದರೆ, ಅವನ ನಂತರ ಬಂದವನು ಎಡಕ್ಕೆ ನೋಡಬೇಕು. ವಿಕ್ಟೋರಿಯ ರಾಣಿ ಎಡಕ್ಕೆ, ಏಳನೆಯ ಎಡ್ವರ್ಡ್ ಬಲಕ್ಕೆ, ಐದನೆಯ ಜಾರ್ಜ್ ಎಡಕ್ಕೆ. ಆ ಲೆಕ್ಕದಲ್ಲಿ ಎಂಟನೆಯ ಎಡ್ವರ್ಡ್ ಬಲಕ್ಕೆ ನೋಡಬೇಕಾಗಿದ್ದಿತು. ಆತ ಹಟ ಹಿಡಿದು ತನಗೆ ಎಡವೇ ಬೇಕೆಂದ. ನಾಣ್ಯಗಳು ಬಳಕೆಗೆ ಬರುವ ಮೊದಲೇ, 1936ರ ಡಿಸೆಂಬರಿನಲ್ಲಿ, ಪಟ್ಟವನ್ನೇ ಬಿಟ್ಟುಕೊಟ್ಟ. ಬಳಿಕ ಬಂದ ಆರನೆಯ ಜಾರ್ಜನನ್ನು ಎಡಕ್ಕೆ ಮುಖ ಮಾಡಿಸಿ ಅಚ್ಚೊತ್ತಿದರು. ಅಣ್ಣನ ನಾಣ್ಯ ಪದ್ಧತಿಯಂತೆಯೇ ನಡೆದಿದ್ದಿತೆಂದು ಭಾವಿಸಿ ತಮ್ಮನ ನಾಣ್ಯವನ್ನು ಹೊಂದಿಸಿದ ಹಾಗಾಯಿತು. ಎಲಿಜಬೆತ್ ರಾಣಿ ಬಲಕ್ಕೆ ನೋಡುತ್ತಾಳೆ. ಆಕೆ 2022ರಲ್ಲಿ ತೀರಿಕೊಂಡ ಮೇಲೆ ಬಂದ ಮೂರನೆಯ ಚಾರ್ಲ್ಸ್ ಎಡಕ್ಕೆ ನೋಡುತ್ತಾನೆ.

ತಲೆಯ ಸುತ್ತಲೂ ಇರುವ ಬರಹವೇ ನಿಜವಾದ ಶಾಸನ. ಅದು ಲ್ಯಾಟಿನ್ ಭಾಷೆಯಲ್ಲಿರುತ್ತದೆ. ಸ್ಥಳ ಸಾಲದ ಕಾರಣ ಮಾತುಗಳನ್ನು ಕತ್ತರಿಸಿ ಹಾಕಿರುತ್ತಾರೆ. ನಾಲ್ಕಾರು ತುಣುಕುಗಳನ್ನು ತಿಳಿದುಕೊಂಡರೆ ಸಾಕು, ಬಾಗಿಲು ತೆರೆದಂತೆಯೇ. ‘ಡೇಯಿ ಗ್ರಾ’ ಎಂದರೆ ದೇವರ ಕೃಪೆಯಿಂದ. ‘ರೆಕ್ಸ್’ ಎಂದರೆ ರಾಜ, ‘ರೆಜಿನಾ’ ರಾಣಿ. ‘ಬ್ರಿಟ್’ ಎಂಬಲ್ಲಿ ‘ಟಿ’ ಅಕ್ಷರ ಎರಡು ಸಲ ಬಂದರೆ ಅದು ಬಹುವಚನ, ಎಂದರೆ ‘ಬ್ರಿಟನ್ನುಗಳ’ ಎಂದರ್ಥ. ನಾವು ‘ಗಳು’ ಪ್ರತ್ಯಯ ಹಚ್ಚಿದ ಹಾಗೆ, ಅವರು ಸಂಕ್ಷೇಪದಲ್ಲಿ ಕೊನೆಯ ವ್ಯಂಜನವನ್ನು ದ್ವಿತ್ವ ಮಾಡುತ್ತಾರೆ. ‘ಫಿಡ್ ಡೆಫ್’ ಅಥವಾ ಬರಿಯ ‘ಎಫ್ ಡಿ’ ಎಂದರೆ ಧರ್ಮಸಂರಕ್ಷಕ.

ಈ ಧರ್ಮಸಂರಕ್ಷಕ ಎಂಬ ಬಿರುದಿನ ಕಥೆ ಸ್ವಾರಸ್ಯವಾದದ್ದು. ಎಂಟನೆಯ ಹೆನ್ರಿಗೆ ಇದನ್ನು 1521ರಲ್ಲಿ ಕೊಟ್ಟವರು ರೋಮಿನ ಪೋಪ್ ಹತ್ತನೆಯ ಲಿಯೋ. ಕೆಲವೇ ವರ್ಷಗಳಲ್ಲಿ ಹೆನ್ರಿ ಆ ಪೋಪರ ಪೀಠದೊಡನೆಯೇ ಸಂಬಂಧ ಕಡಿದುಕೊಂಡ. ಬಿರುದನ್ನು ಮಾತ್ರ ಬಿಡಲಿಲ್ಲ. ಅಂದಿನಿಂದ ಇಂದಿನವರೆಗೂ ಅಲ್ಲಿನ ದೊರೆಗಳು ಅದನ್ನು ಧರಿಸಿಯೇ ಇದ್ದಾರೆ. ಮೂರನೆಯ ಚಾರ್ಲ್ಸನ ನಾಣ್ಯದಲ್ಲಿಯೂ ಅದನ್ನು ಕಾಣಬಹುದು. ನಾಣ್ಯದ ಮೇಲೆ ಅದು ತಪ್ಪಿದ್ದೂ ಉಂಟು. 1849ರಲ್ಲಿ ಹೊಸದಾಗಿ ಬಂದ ಫ್ಲಾರಿನ್ನಿನ ಮೇಲೆ ‘ದೇವರ ಕೃಪೆಯಿಂದ’ ಎಂಬುದನ್ನೂ ‘ಧರ್ಮಸಂರಕ್ಷಕ’ ಎಂಬುದನ್ನೂ ಬಿಟ್ಟು ‘ವಿಕ್ಟೋರಿಯ ರೆಜಿನಾ’ ಎಂದಷ್ಟೇ ಹಾಕಿದರು. ದೊಡ್ಡ ಗದ್ದಲವಾಯಿತು. ಜನರು ಅದನ್ನು ‘ದೇವರಿಲ್ಲದ ಫ್ಲಾರಿನ್’ ಎಂದು ಕರೆದರು. 1851ರ ಹೊಸ ಅಚ್ಚಿನಲ್ಲಿ ದೇವರು ಮರಳಿ ಬಂದ.

ನಮ್ಮ ಶಾಸನಗಳನ್ನು ಓದಿದವರಿಗೆ ಬಿರುದುಗಳ ಹೊಳೆ ಹೊಸದೇನೂ ಅಲ್ಲ. ಸಣ್ಣ ಊರೊಂದನ್ನು ಆಳುವ ಸಾಮಂತನಿಗೂ ಅರ್ಧ ಶಾಸನ ತುಂಬುವಷ್ಟು ಬಿರುದು. ಬ್ರಿಟನ್ನಿನ ದೊರೆಗಳೂ ಇದರಲ್ಲಿ ಹಿಂದೆ ಬಿದ್ದವರಲ್ಲ. ಮೂರನೆಯ ಎಡ್ವರ್ಡನು 1340ರಲ್ಲಿ ತಾನು ಫ್ರಾನ್ಸಿಗೂ ರಾಜನೆಂದು ಬಿರುದು ಸೂಡಿಕೊಂಡ. 1558ರಲ್ಲಿ ಕ್ಯಾಲೆ ಪಟ್ಟಣವೂ ಕೈಬಿಟ್ಟುಹೋಯಿತು, ಬಿರುದು ಹೋಗಲಿಲ್ಲ. ಮೂರನೆಯ ಜಾರ್ಜನ ಗಿನಿಯೊಂದನ್ನು ತೆಗೆದುಕೊಳ್ಳಿರಿ. 1787ರಿಂದ 1799ರವರೆಗೆ ಬಂದ, ಗುರಾಣಿಯ ಆಕಾರದಿಂದಾಗಿ ‘ಸಲಿಕೆ ಗಿನಿ’ ಎಂದು ಹೆಸರಾದ ಅದರ ಹಿಂಬದಿಯಲ್ಲಿ ಒಂದೊಂದೇ ಅಕ್ಷರವಾಗಿ ಬಿರುದುಗಳನ್ನು ಇಕ್ಕಟ್ಟಾಗಿ ತುಂಬಿದ್ದಾರೆ: ಬ್ರಿಟನ್, ಫ್ರಾನ್ಸ್, ಐರ್ಲೆಂಡುಗಳ ರಾಜ, ಧರ್ಮಸಂರಕ್ಷಕ, ಜರ್ಮನ್ ನಾಡಿನ ಡ್ಯೂಕ್, ಪವಿತ್ರ ರೋಮನ್ ಸಾಮ್ರಾಜ್ಯದ ಮಹಾಭಂಡಾರಿ, ಹೀಗೆ. ಆಗ ಫ್ರಾನ್ಸಿನಲ್ಲಿ ಮಹಾಕ್ರಾಂತಿಯೇ ನಡೆದು, ಅಲ್ಲಿನ ನಿಜವಾದ ರಾಜನೇ ತಲೆ ಕಳೆದುಕೊಂಡಿದ್ದ. ಇಲ್ಲಿ ಗಿನಿಯ ಮೇಲಿನ ರಾಜ ಮಾತ್ರ ಫ್ರಾನ್ಸನ್ನು ಆಳುತ್ತಲೇ ಇದ್ದ. 1801ರಲ್ಲಿ ಆ ಬಿರುದನ್ನು ಬಿಟ್ಟರು. ಬಿರುದು ಇದ್ದ ಮಾತ್ರಕ್ಕೆ ನೆಲ ಇದ್ದೀತೆಂದು ನಂಬಬಾರದೆಂಬುದಕ್ಕೆ ಈ ಗಿನಿಯೇ ಸಾಕ್ಷಿ.

ಈಗ ನಾನು ಅಳಿಸಿದ ಆ ಎರಡು ತುಣುಕುಗಳಿಗೆ ಬರೋಣ. ವಿಕ್ಟೋರಿಯ ರಾಣಿಗೆ ಭಾರತದ ಚಕ್ರವರ್ತಿನಿ ಎಂಬ ಬಿರುದು ಬಂದದ್ದು 1876ರ ಕಾಯಿದೆಯಿಂದ. 1877ರ ಜನವರಿ 1ರಂದು ದೆಹಲಿಯ ದರ್ಬಾರಿನಲ್ಲಿ ಅದನ್ನು ಸಾರಿದರು. ನಮ್ಮ ರೂಪಾಯಿಯ ಮೇಲೆ ಅದುವರೆಗೆ ‘ವಿಕ್ಟೋರಿಯ ಕ್ವೀನ್’ ಎಂದಿದ್ದದ್ದು 1877ರಿಂದಲೇ ‘ವಿಕ್ಟೋರಿಯ ಎಂಪ್ರೆಸ್’ ಎಂದಾಯಿತು. ಆದರೆ ಬ್ರಿಟನ್ನಿನೊಳಗೆ ಈ ಬಿರುದಿಗೆ ವಿರೋಧವಿದ್ದಿತು. ಅಲ್ಲಿನ ನಾಣ್ಯಗಳ ಮೇಲೆ ‘ಇಂಡ್ ಇಂಪ್’ ಕಾಣಿಸಿಕೊಂಡದ್ದು 1893ರಲ್ಲಿ, ಹದಿನಾರು ವರ್ಷಗಳ ಅನಂತರ. ಏಳನೆಯ ಎಡ್ವರ್ಡನ ನಾಣ್ಯಗಳಲ್ಲಿ ‘ಬ್ರಿಟ್ ಓಮ್ನ್’, ಎಂದರೆ ‘ಎಲ್ಲ ಬ್ರಿಟನ್ನುಗಳ’, ಎಂಬ ಮಾತೂ ಸೇರಿತು. ಸಮುದ್ರದಾಚೆಯ ನಾಡುಗಳನ್ನೆಲ್ಲ ಒಂದೇ ಮಾತಿನಲ್ಲಿ ಕಟ್ಟಿಹಾಕಿದ ಹಾಗೆ.

1947ರ ಆಗಸ್ಟ್ 15ರಂದು ಭಾರತ ಸ್ವತಂತ್ರವಾಯಿತು. ನಾಣ್ಯ ತಕ್ಷಣ ಒಪ್ಪಿಕೊಳ್ಳಲಿಲ್ಲ. 1948ನೆಯ ಇಸವಿಯ ಬ್ರಿಟಿಷ್ ನಾಣ್ಯಗಳಲ್ಲಿಯೂ ‘ಇಂಡ್ ಇಂಪ್’ ಇದೆ. 1948ರ ಜೂನ್ 22ರಂದು ಆ ಬಿರುದನ್ನು ವಿಧಿವತ್ತಾಗಿ ಬಿಟ್ಟುಕೊಟ್ಟ ಮೇಲೆ, 1949ರ ನಾಣ್ಯಗಳಲ್ಲಿ ಅದು ಮಾಯವಾಯಿತು. ಎಲಿಜಬೆತ್ ರಾಣಿಯ 1953ರ ನಾಣ್ಯಗಳಲ್ಲಿ ‘ಬ್ರಿಟ್ ಓಮ್ನ್’ ಇನ್ನೂ ಇದೆ. 1954ರಲ್ಲಿ ಅದೂ ಇಲ್ಲ. ಒಂದು ಸಾಮ್ರಾಜ್ಯ ಏರಿದ್ದೂ ಇಳಿದದ್ದೂ ಬೆರಳಗಲದ ಲೋಹದ ಮೇಲೆ ಹೀಗೆ ದಾಖಲಾಗಿದೆ.

ಅಕ್ಷರದ ಹಾಗೆಯೇ ಲೋಹವೂ ಮಾತನಾಡುತ್ತದೆ. 1920ಕ್ಕೆ ಮುಂಚಿನ ಬ್ರಿಟಿಷ್ ಷಿಲಿಂಗುಗಳಲ್ಲಿ ಸಾವಿರಕ್ಕೆ 925 ಪಾಲು ಬೆಳ್ಳಿ. ಮೊದಲ ಮಹಾಯುದ್ಧದ ಬಳಿಕ ಬೆಳ್ಳಿಯ ಬೆಲೆ ಏರಿತಾಗಿ 1920ರಲ್ಲಿ ಅದು 500 ಪಾಲಿಗೆ ಇಳಿಯಿತು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದಿಂದ ಪಡೆದ ಬೆಳ್ಳಿಯನ್ನು ಹಿಂದಿರುಗಿಸಬೇಕಾಗಿ ಬಂದದ್ದರಿಂದ, 1947ರಿಂದ ಬಳಕೆಯ ನಾಣ್ಯಗಳಲ್ಲಿ ಬೆಳ್ಳಿಯೇ ಉಳಿಯಲಿಲ್ಲ; ತಾಮ್ರ ಮತ್ತು ನಿಕ್ಕಲ್ ಬೆರೆತ ಲೋಹ ಬಂದಿತು. ಎರಡು ಯುದ್ಧಗಳ ಸಾಲವನ್ನು ಷಿಲಿಂಗಿನ ಬಣ್ಣದಲ್ಲಿಯೇ ಕಾಣಬಹುದು.

ಅಂಚನ್ನೂ ಮರೆಯಬಾರದು. ಹಿಂದೆ ಸುತ್ತಿಗೆಯಿಂದ ಬಡಿದು ಮಾಡುತ್ತಿದ್ದ ನಾಣ್ಯಗಳ ಅಂಚು ಸಮವಾಗಿರುತ್ತಿರಲಿಲ್ಲ. ಕಳ್ಳರು ಕತ್ತರಿಯಿಂದ ಸ್ವಲ್ಪ ಸ್ವಲ್ಪವಾಗಿ ಬೆಳ್ಳಿಯನ್ನು ಕತ್ತರಿಸಿಕೊಂಡು, ಉಳಿದದ್ದನ್ನು ಪೂರ್ಣ ಬೆಲೆಗೆ ದಾಟಿಸುತ್ತಿದ್ದರು. 1662ರಿಂದ ಯಂತ್ರದಲ್ಲಿ ಮುದ್ರಿತವಾದ ಕ್ರೌನುಗಳ ಅಂಚಿನ ಮೇಲೆ, ‘ಭೂಷಣವೂ ಹೌದು, ರಕ್ಷಣೆಯೂ ಹೌದು’ ಎಂಬ ಅರ್ಥದ ಲ್ಯಾಟಿನ್ ಬರಹವನ್ನು ಒತ್ತಿದರು. ಕತ್ತರಿಸಿದರೆ ಅಕ್ಷರ ಹೋಗಿ ಕಳ್ಳತನ ಬಯಲಾಗುತ್ತಿದ್ದಿತು. ಆದರೂ ಹಳೆಯ ಕತ್ತರಿಸಿದ ನಾಣ್ಯಗಳು ಓಡಾಡುತ್ತಲೇ ಇದ್ದುದರಿಂದ, 1696ರಲ್ಲಿ ಅವನ್ನೆಲ್ಲ ಹಿಂದಕ್ಕೆ ಕರೆಸಿ ಹೊಸದಾಗಿ ಅಚ್ಚೊತ್ತುವ ದೊಡ್ಡ ಕಾರ್ಯ ನಡೆಯಿತು. ಆ ವರ್ಷವೇ ಟಂಕಸಾಲೆಯ ಅಧಿಕಾರಕ್ಕೆ ಬಂದವರು ಬೇರೆ ಯಾರೂ ಅಲ್ಲ, ಗುರುತ್ವಾಕರ್ಷಣದ ನಿಯಮವನ್ನು ಕಂಡ ಐಸಾಕ್ ನ್ಯೂಟನ್.

ಇನ್ನು ಸ್ಮಾರಕ ನಾಣ್ಯಗಳು. ಒಂದು ಘಟನೆಯ ನೆನಪಿಗಾಗಿಯೇ ನಾಣ್ಯದ ಮೇಲೆ ಗುರುತು ಹಾಕುವುದು ಹೊಸ ಪದ್ಧತಿಯಲ್ಲ. 1702ರಲ್ಲಿ ಸ್ಪೇನಿನ ವೀಗೋ ಕೊಲ್ಲಿಯ ಕದನದಲ್ಲಿ ಸೂರೆಗೊಂಡ ಬೆಳ್ಳಿ ಬಂಗಾರದಿಂದ ಆ್ಯನ್ ರಾಣಿ ನಾಣ್ಯ ಹೊಡೆಸಿ, ತನ್ನ ತಲೆಯ ಕೆಳಗೆ ‘ವೀಗೋ’ ಎಂದು ಹಾಕಿಸಿದಳು. 1745, 1746ರ ನಾಣ್ಯಗಳಲ್ಲಿ ಹಾಗೆಯೇ ‘ಲೀಮಾ’ ಎಂದಿದೆ. ಅದೂ ಸಮುದ್ರದ ಮೇಲೆ ಸೂರೆಗೊಂಡ ಲೋಹವೇ. 1729ರ ಕೆಲವು ಗಿನಿಗಳಲ್ಲಿ ಎರಡನೆಯ ಜಾರ್ಜನ ಕೊರಳಿನ ಕೆಳಗೆ ‘ಇ ಐ ಸಿ’ ಎಂಬ ಮೂರು ಅಕ್ಷರಗಳಿವೆ. ಈಸ್ಟ್ ಇಂಡಿಯಾ ಕಂಪನಿ ಒದಗಿಸಿದ ಚಿನ್ನದಿಂದ ಮಾಡಿದ್ದೆಂಬುದು ಅದರ ಅರ್ಥ. ದೊರೆಯ ತಲೆಯ ಕೆಳಗೆ ವರ್ತಕರ ಹೆಸರು. ಮುಂದಿನ ಕಾಲದ ಸೂಚನೆಯೆಂದರೂ ಸಲ್ಲುತ್ತದೆ.

ಈ ಕಾಲದ ಸ್ಮಾರಕ ನಾಣ್ಯಗಳ ಸಾಲು ಆರಂಭವಾಗುವುದು 1935ರಿಂದ. ಐದನೆಯ ಜಾರ್ಜ್ ಪಟ್ಟಕ್ಕೆ ಬಂದು 25 ವರ್ಷ ತುಂಬಿದ ನೆನಪಿಗೆ ಬಂದ ಆ ಕ್ರೌನಿನಲ್ಲಿ ಸೇಂಟ್ ಜಾರ್ಜನನ್ನು ಹೊಸ ಕಾಲದ ಶೈಲಿಯಲ್ಲಿ ಬಿಡಿಸಿದ್ದರು. ಕುದುರೆ ಮಕ್ಕಳ ತೂಗುಕುದುರೆಯ ಹಾಗಿದೆಯೆಂದು ಜನ ನಕ್ಕರು. ಇಂದು ಸಂಗ್ರಾಹಕರು ಅದನ್ನು ಆ ಹೆಸರಿನಿಂದಲೇ ಪ್ರೀತಿಯಿಂದ ಕರೆಯುತ್ತಾರೆ. 1937ರಲ್ಲಿ ಆರನೆಯ ಜಾರ್ಜನ ಪಟ್ಟಾಭಿಷೇಕದ ಕ್ರೌನು, 1951ರಲ್ಲಿ ಬ್ರಿಟನ್ನಿನ ಮಹೋತ್ಸವದ ಕ್ರೌನು, 1953ರಲ್ಲಿ ಎಲಿಜಬೆತ್ ರಾಣಿಯ ಪಟ್ಟಾಭಿಷೇಕದ ಕ್ರೌನು ಬಂದವು. ಎಡ್ವರ್ಡ್ ಎಂಬ ಬಾಲಕ ದೊರೆಯ ಕಾಲದಲ್ಲಿ, 1551ರಲ್ಲಿ, ಮೊದಲ ಬೆಳ್ಳಿಯ ಕ್ರೌನು ಹೊರಟು ನಾನೂರು ವರ್ಷ ತುಂಬಿದ್ದೂ 1951ರಲ್ಲಿಯೇ. 1965ರಲ್ಲಿ ತೀರಿಕೊಂಡ ವಿನ್‌ಸ್ಟನ್ ಚರ್ಚಿಲರ ನೆನಪಿಗೆ ಅದೇ ವರ್ಷ ಒಂದು ಕ್ರೌನು ಬಂದಿತು. ಅರಸುಮನೆತನದವನಲ್ಲದ ಪ್ರಜೆಯೊಬ್ಬನ ಮುಖ ಹೀಗೆ ರಾಣಿಯ ಬೆನ್ನಿಗೆ ಬಂದದ್ದು ದೊಡ್ಡ ಸುದ್ದಿಯಾಯಿತು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಸ್ಮಾರಕ ನಾಣ್ಯವೆಂದ ಮಾತ್ರಕ್ಕೆ ಅದು ಅಪರೂಪವೆಂದು ತಿಳಿಯಬೇಡಿರಿ. ಆ ಚರ್ಚಿಲ್ ಕ್ರೌನುಗಳು ಎರಡು ಕೋಟಿಗೆ ಹತ್ತಿರ ಮುದ್ರಿತವಾದವು. ಎಲ್ಲರೂ ಒಂದೊಂದನ್ನು ಜೋಪಾನವಾಗಿ ಎತ್ತಿಟ್ಟರು; ಎಲ್ಲರೂ ಎತ್ತಿಟ್ಟದ್ದರಿಂದಲೇ ಅದಕ್ಕೆ ಹೆಚ್ಚಿನ ಬೆಲೆ ಬರಲಿಲ್ಲ. ಇದಕ್ಕೆ ವಿರುದ್ಧವಾಗಿ, 2009ರಲ್ಲಿ ಕ್ಯೂ ಸಸ್ಯೋದ್ಯಾನದ 250 ವರ್ಷಗಳ ನೆನಪಿಗೆ ಬಂದ ಐವತ್ತು ಪೆನ್ಸಿನ ನಾಣ್ಯ ಬಳಕೆಗೆ ಬಂದದ್ದು 2,10,000 ಮಾತ್ರ. ಅಂಗಡಿಯಲ್ಲಿ ಚಿಲ್ಲರೆಯಾಗಿ ಪಡೆದ ಆ ನಾಣ್ಯ ಮುಖಬೆಲೆಯ ಎಷ್ಟೋ ಪಟ್ಟು ಬೆಲೆಗೆ ಹೋಗುತ್ತದೆ. ಅದೇ ಚಿತ್ರವನ್ನು 2019ರ ಇಸವಿ ಹಾಕಿ ಸಂಗ್ರಾಹಕರಿಗಾಗಿ ಮತ್ತೆ ಹೊರಡಿಸಿದ್ದಾರೆ. ಆದ್ದರಿಂದ ಚಿತ್ರವನ್ನು ಮಾತ್ರ ನೋಡದೆ ಇಸವಿಯನ್ನೂ ಓದಬೇಕು. ಎಷ್ಟು ಮುದ್ರಿತವಾಯಿತು, ಎಷ್ಟು ಉಳಿಯಿತು, ಯಾವ ಸ್ಥಿತಿಯಲ್ಲಿದೆ, ಈ ಮೂರರ ಮೇಲೆ ಬೆಲೆ ನಿಲ್ಲುತ್ತದೆ. ಮಖಮಲ್ಲಿನ ಪೆಟ್ಟಿಗೆ, ಪ್ರಮಾಣಪತ್ರ, ಜಾಹೀರಾತಿನ ಮಾತು, ಇವುಗಳ ಮೇಲೆ ಅಲ್ಲ.

ಸ್ಮಾರಕ ನಾಣ್ಯಗಳನ್ನು ಜೋಡಿಯಾಗಿ ಇಟ್ಟು ನೋಡುವುದು ಒಳ್ಳೆಯ ಅಭ್ಯಾಸ. ಬ್ರಿಟನ್ ಯೂರೋಪಿನ ಆರ್ಥಿಕ ಒಕ್ಕೂಟವನ್ನು ಸೇರಿದ 1973ರಲ್ಲಿ ಏಳು ಮೂಲೆಗಳ ಐವತ್ತು ಪೆನ್ಸಿನ ಮೇಲೆ ಒಂಬತ್ತು ಕೈಗಳು ಒಂದನ್ನೊಂದು ಹಿಡಿದ ಚಿತ್ರ ಹಾಕಿದರು. ಒಕ್ಕೂಟವನ್ನು ಬಿಡುವಾಗಲೂ ಅದೇ ಬೆಲೆಯ ನಾಣ್ಯ ಹೊರಡಿಸಲು ಹೊರಟರು. 2019ರ ಅಕ್ಟೋಬರ್ 31 ಎಂದು ದಿನಾಂಕ ಹಾಕಿ ಮುದ್ರಿಸಿದ್ದೂ ಆಯಿತು. ದಿನಾಂಕ ಮುಂದಕ್ಕೆ ಹೋದದ್ದರಿಂದ ಅವನ್ನು ಕರಗಿಸಬೇಕಾಯಿತು. ಕೊನೆಗೆ 2020ರ ಜನವರಿ 31ರ ದಿನಾಂಕದೊಡನೆ ನಾಣ್ಯ ಹೊರಬಂದಿತು. ಈ ಎರಡನ್ನು ಪಕ್ಕಪಕ್ಕದಲ್ಲಿ ಇಟ್ಟರೆ ನಲವತ್ತೇಳು ವರ್ಷಗಳ ರಾಜಕೀಯ ಅಂಗೈಯಲ್ಲಿ ಕುಳಿತ ಹಾಗೆ.

ಹೊಸದಾಗಿ ಆರಂಭಿಸುವವರು ಏನನ್ನು ಕೊಳ್ಳಬೇಕೆಂದು ಕೇಳಬಹುದು. ಕಂಡದ್ದನ್ನೆಲ್ಲ ಕೊಳ್ಳುವ ಬದಲು ಒಂದು ಕಥೆಯನ್ನು ಆರಿಸಿಕೊಳ್ಳಿರಿ. ನಾನು ಮಾಡಿಕೊಂಡಿರುವುದು ಏಳು ಷಿಲಿಂಗುಗಳ ಒಂದು ಮಾಲೆ. 1887ರದು, ಅದರಲ್ಲಿ ಭಾರತದ ಮಾತಿಲ್ಲ. 1893ರದು, ‘ಇಂಡ್ ಇಂಪ್’ ಬಂದಿದೆ. ಏಳನೆಯ ಎಡ್ವರ್ಡನ ಕಾಲದ್ದು. ‘ಬ್ರಿಟ್ ಓಮ್ನ್’ ಸೇರಿದೆ. 1948ರದು, ಬೆಳ್ಳಿ ಹೋಗಿದೆ, ಬಿರುದು ಇನ್ನೂ ಇದೆ. 1949ರದು, ಬಿರುದೂ ಹೋಗಿದೆ. 1953ರದು, 1954ರದು, ಇವುಗಳ ನಡುವೆ ‘ಬ್ರಿಟ್ ಓಮ್ನ್’ ಉದುರಿದೆ. ಇವು ಯಾವುವೂ ಒಡವೆಯ ಬೆಲೆಯವಲ್ಲ. ಸ್ವಲ್ಪ ಸವೆದವಾದರೆ ಉಪಾಧ್ಯಾಯನ ಸಂಬಳಕ್ಕೂ ಎಟಕುವಂಥವು. ಮನೆಯ ಮಕ್ಕಳ ಮುಂದೆ ಸಾಲಾಗಿ ಇಟ್ಟು, “ಯಾವುದರಲ್ಲಿ ಏನು ಬದಲಾಗಿದೆ ಹುಡುಕಿ” ಎಂದರೆ ಒಂದು ಸಂಜೆ ಸರಿದದ್ದೇ ತಿಳಿಯುವುದಿಲ್ಲ.

ಕೊನೆಯದಾಗಿ, ಕಾಪಾಡುವ ರೀತಿ. ಹಳೆಯ ನಾಣ್ಯವನ್ನು ಯಾವ ಕಾರಣಕ್ಕೂ ತಿಕ್ಕಬೇಡಿರಿ. ಹುಣಿಸೆ, ನಿಂಬೆ, ಬೂದಿ, ಹಲ್ಲುಪುಡಿ, ಪಾಲಿಷು, ಯಾವುದೂ ಬೇಡ. ಬೆಳ್ಳಿಯ ಮೇಲೆ ಕಾಲಕ್ರಮದಲ್ಲಿ ಕೂರುವ ಕಪ್ಪು ಕೊಳೆಯಲ್ಲ. ಗಾಳಿಯಲ್ಲಿನ ಗಂಧಕಾಂಶ ತಗುಲಿ ಆದ ತೆಳುವಾದ ಪೊರೆ. ಅದನ್ನು ಬಲ್ಲವರು ಗೌರವಿಸುತ್ತಾರೆ. ತಿಕ್ಕಿದ ನಾಣ್ಯ ಎಷ್ಟೇ ಹೊಳೆಯಲಿ, ಅರ್ಧ ಬೆಲೆಗೂ ಹೋಗುವುದಿಲ್ಲ. ನಾಣ್ಯವನ್ನು ಹಿಡಿಯುವಾಗ ಅಂಚುಗಳನ್ನೇ ಹಿಡಿಯಬೇಕು. ಬೆರಳಿನ ಬೆವರು ಲೋಹಕ್ಕೆ ಅಂಟುತ್ತದೆ. ಪಿವಿಸಿ ಎಂಬ ಮೆತ್ತನೆಯ ಪ್ಲಾಸ್ಟಿಕ್ಕಿನ ಚೀಲಗಳು ಕ್ರಮೇಣ ಹಸಿರು ಅಂಟನ್ನು ಬಿಡುತ್ತವೆ. ಆಮ್ಲವಿಲ್ಲದ ಕಾಗದದ ಲಕೋಟೆ ಮೇಲು. ಒಂದೊಂದು ಲಕೋಟೆಯ ಮೇಲೂ ದೊರೆಯ ಹೆಸರು, ಇಸವಿ, ತೂಕ, ಎಲ್ಲಿಂದ ಬಂದಿತು ಎಂಬ ವಿವರ ಬರೆದಿಡಿರಿ. ಚಿನ್ನದ ನಾಣ್ಯ ಕೊಳ್ಳುವವರು ತೂಕವನ್ನೂ ಅಡ್ಡಳತೆಯನ್ನೂ ಪರೀಕ್ಷಿಸದೆ ಹಣ ಕೊಡಬಾರದು. ಸವರಿನ್ನಿನ ಅಡ್ಡಳತೆ 22.05 ಮಿಲಿಮೀಟರು. ಖೋಟಾ ಸವರಿನ್ನುಗಳು ಬೇಕಾದಷ್ಟಿವೆ. ನೂರು ವರ್ಷ ದಾಟಿದ ನಾಣ್ಯಗಳು ನಮ್ಮ 1972ರ ಕಾಯಿದೆಯಂತೆ ಪುರಾವಸ್ತುಗಳೆನಿಸುತ್ತವೆ. ಖಾಸಗಿಯವರು ಅವನ್ನು ದೇಶದ ಹೊರಗೆ ಕಳುಹಿಸುವಂತಿಲ್ಲವೆಂಬುದೂ ನೆನಪಿರಲಿ.

ಮಾಲೆಯ ಕಥೆ 1954ಕ್ಕೆ ಮುಗಿಯಿತೆಂದು ನಾನು ಬಹಳ ಕಾಲ ತಿಳಿದಿದ್ದೆ. 2021ರಲ್ಲಿ ಬ್ರಿಟನ್ನಿನ ಟಂಕಸಾಲೆ ಐದು ಪೌಂಡಿನ ಒಂದು ಸ್ಮಾರಕ ನಾಣ್ಯವನ್ನು ಹೊರಡಿಸಿತು. ಅದರ ಒಂದು ಬದಿಯಲ್ಲಿ ಎಲಿಜಬೆತ್ ರಾಣಿ. ಇನ್ನೊಂದು ಬದಿಯಲ್ಲಿ ಕಮಲದ ಹೂವಿನ ಚಿತ್ರ. ಅದು ಮಹಾತ್ಮ ಗಾಂಧಿಯವರ ನೆನಪಿನ ನಾಣ್ಯ. ‘ಭಾರತದ ಚಕ್ರವರ್ತಿ’ ಎಂಬ ಬಿರುದನ್ನು ಐವತ್ತೈದು ವರ್ಷ ಹೊತ್ತ ನಾಣ್ಯಪರಂಪರೆಯಲ್ಲಿಯೇ, ಆ ಬಿರುದನ್ನು ಇಳಿಸಲು ಬಾಳನ್ನು ಸವೆಸಿದವರ ಹೆಸರೂ ಬಂದು ಸೇರಿತು.

ಮುತ್ತಜ್ಜನವರ ಅರ್ಧ ಕ್ರೌನು ಇಂದಿಗೂ ನನ್ನ ಬಳಿ ಇದೆ. ಈಗ ಅದು ಮತ್ತೆ ನಿಧಾನವಾಗಿ ಕಪ್ಪಾಗುತ್ತಿದೆ, ನಾನು ಮುಟ್ಟುವುದಿಲ್ಲ. ಅದರ ಲಕೋಟೆಯ ಮೇಲೆ, ಅಳಿಸಿಹೋದ ಎರಡು ತುಣುಕುಗಳನ್ನು ಕನ್ನಡ ಅಕ್ಷರದಲ್ಲಿ ಬರೆದಿಟ್ಟಿದ್ದೇನೆ. ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಅಂಥ ನಾಣ್ಯವಿದ್ದರೆ, ಹುಣಿಸೆಹಣ್ಣಿಗೆ ಕೈ ಹಾಕುವ ಮೊದಲು ಬೆಳಕಿಗೆ ಹಿಡಿದು ಒಂದು ಸಲ ಓದಿರಿ.